ಸಂಪಾದಕರ ಉತ್ತರ: ಹೋಗಿದ್ದು ಒಂದೇ ಜನ, ಸಿಕ್ಕಿದ್ದು ಬೇರೆ ಬೇರೆ ನೆಲ

ಹುಣಸೂರು ಕಡೆಯ ನಿವೃತ್ತ ಮೇಷ್ಟ್ರೊಬ್ರು ನಾಲ್ಕು ಪುಟದ ಪತ್ರ ಬರ್ದಿದಾರೆ. ಹೋದ ಸಂಚಿಕೇಲಿ ನಾವು "ಇಂಗ್ಲೆಂಡಿನ ರಾಜ ಅಮೆರಿಕದಲ್ಲಿ 13 ವಸಾಹತು ಕಟ್ಟಿಸಿದ" ಅಂತ ಒಂದೇ ಸಾಲಲ್ಲಿ ಕೈತೊಳ್ಕೊಂಡಿದ್ವಿ, ತಕರಾರು ಅದಕ್ಕೆ. ಮಗಳ ಮನೆಗೆ ಅಂತ ಬಾಸ್ಟನ್‌ಗೆ ಹೋಗಿದ್ದಾಗ ಊರೂರಿಗೆ ಹಳೇ ಚರ್ಚು, ಹಳೇ ಸ್ಕೂಲು ನೋಡಿದ್ರಂತೆ, ಅಲ್ಲಿಂದ ಕಾರಲ್ಲಿ ವರ್ಜೀನಿಯಾಗೆ ಬಂದ್ರೆ ನದಿ ದಡದ ಮೇಲೆ ದೊಡ್ಡ ದೊಡ್ಡ ಬಂಗಲೆ, ಹಿಂದುಗಡೆ ಗುಲಾಮರಿದ್ದ ಗುಡಿಸಲು. "ಉತ್ತರಕ್ಕೆ ಹೋದೋರು ದೇವ್ರಿಗೆ ಹೆದರೋರು, ದಕ್ಷಿಣಕ್ಕೆ ಹೋದೋರು ದುಡ್ಡಿಗೆ ಬಾಯ್ಬಿಡೋರು, ವ್ಯತ್ಯಾಸ ಇಷ್ಟೇ, ಇದನ್ನ ಬರೆಯಕ್ಕೆ ನಿಮಗೇನಾಗಿತ್ತು?" ಅಂತ ಕೇಳಿದಾರೆ.

ಮೇಷ್ಟ್ರೇ, ಮೊದಲು ತಪ್ಪೊಪ್ಕೋತೀವಿ. ರಾಜ ಕಟ್ಟಿಸಲಿಲ್ಲ, ಸನ್ನದು ಕೊಟ್ಟ ಅಷ್ಟೇ, ದುಡ್ಡು ಹಾಕಿದೋರು ಬೇರೆಯೋರು. 1607ರಲ್ಲಿ ಜೇಮ್ಸ್‌ಟೌನ್ ಶುರು ಮಾಡಿದ್ದು ಲಂಡನ್ನಿನ ಷೇರುದಾರರ ವರ್ಜೀನಿಯಾ ಕಂಪನಿ. ನಮ್ಮ ಈಸ್ಟ್ ಇಂಡಿಯಾ ಕಂಪನಿಗೆ ಮೊದಲನೇ ಗವರ್ನರ್ ಆಗಿದ್ದ ಥಾಮಸ್ ಸ್ಮೈತ್ ಅಂತ ಒಬ್ಬ ಇದ್ನಲ್ಲ, ಈ ವರ್ಜೀನಿಯಾ ಕಂಪನಿಯ ಖಜಾನೆನೂ ಅವನ ಕೈಲೇ ಇತ್ತು, ಅಂದ್ರೆ ಒಂದು ಕೈಲಿ ನಮ್ಮ ಮೆಣಸು, ಇನ್ನೊಂದು ಕೈಲಿ ಅವರ ಹೊಗೆಸೊಪ್ಪು. ಪೆನ್ಸಿಲ್ವೇನಿಯಾ ಕಥೆ ಇನ್ನೂ ಮಜಾ, ವಿಲಿಯಂ ಪೆನ್ ಅಪ್ಪನಿಗೆ ರಾಜ ಕೊಡಬೇಕಿದ್ದ 16,000 ಪೌಂಡ್ ಬಾಕಿ ಇತ್ತು, ಅದನ್ನ ಚುಕ್ತಾ ಮಾಡಕ್ಕೆ 1681ರಲ್ಲಿ ಮಗನಿಗೆ ಆ ನೆಲ ಬರ್ಕೊಟ್ಟ.

ಈಗ ನಿಮ್ಮ ವಾದಕ್ಕೆ ಬರೋಣ. ಅರ್ಧ ಒಪ್ತೀನಿ, ಇನ್ನರ್ಧ ಸುತಾರಾಂ ಒಪ್ಪಲ್ಲ. ನಿಮ್ಮ ಸೀಮೇಲಿ ಬೆಳೆಯೋ ಹೊಗೆಸೊಪ್ಪಿನ ಹೆಸರೇ ವರ್ಜೀನಿಯಾ ತಾನೆ, ಹಂಗಾಗಿ ಈ ವಿಷಯ ನಿಮಗೆ ಬೇಗ ಹಿಡ್ಸುತ್ತೆ. ಜೇಮ್ಸ್‌ಟೌನ್‌ಗೆ ಮೊದಲು ಬಂದ ನೂರು ಚಿಲ್ರೆ ಜನ ಪೂರ್ತಿ ಗಂಡಸರು ಮತ್ತೆ ಹುಡುಗರೇ, ಹೆಂಗಸರು ಒಬ್ರೂ ಇಲ್ಲ. ಜೌಗು ಜಾಗ, ಕುಡಿಯೋ ನೀರು ಉಪ್ಪು, ಭೇದಿ ಜ್ವರ ಅಂತ ಸಾಲಾಗಿ ಸತ್ರು, 1609ರ ಚಳಿಗಾಲದಲ್ಲಂತೂ ಹೊಟ್ಟೆಗಿಲ್ದೆ ಕುದುರೆ, ನಾಯಿ, ಇಲಿ ತಿಂದ್ರು, ವಸಂತ ಬರೋ ಹೊತ್ತಿಗೆ ಕೋಟೇಲಿ ಉಳಿದಿದ್ದು ಅರವತ್ತೇ ಜನ. ಚಿನ್ನ ಸಿಗುತ್ತೆ ಅಂತ ಬಂದೋರಿಗೆ ಚಿನ್ನ ಸಿಗಲಿಲ್ಲ. 1612ರ ಸುಮಾರಿಗೆ ಜಾನ್ ರಾಲ್ಫ್ ಅನ್ನೋನು ಸ್ಪ್ಯಾನಿಷರ ಕಡೆಯ ಸಿಹಿ ತಂಬಾಕಿನ ಬೀಜ ಹಾಕಿ ನೋಡ್ದ, ಲಂಡನ್ನಲ್ಲಿ ಕೇಳಿದ ರೇಟಿಗೆ ಹೋಯ್ತು, ಆಮೇಲೆ ಬೀದೀಲೂ ಅದನ್ನೇ ನೆಟ್ರು.

ಹೊಗೆಸೊಪ್ಪು ಎಂಥ ಬೆಳೆ ಅಂತ ನಿಮಗೆ ನಾನು ಹೇಳಬೇಕಾ? ಸಸಿ ಮಡಿ ಮಾಡು, ಕಿತ್ತು ನೆಡು, ಹುಳ ಆರಿಸು, ಕುಡಿ ಮುರಿ, ಕುಡಿ ಮುರಿದ್ರೆ ಪಕ್ಕದಲ್ಲಿ ಚಿಗುರುತ್ತೆ ಅದನ್ನೂ ಚಿವುಟು, ಹದ ನೋಡಿ ಕುಯ್ಯಿ, ಒಣಗಿಸು. ಆಗಿನ್ನೂ ನಿಮ್ಮ ಬ್ಯಾರನ್ (ಹೊಗೆಸೊಪ್ಪು ಹದ ಮಾಡೋ ಮನೆ) ಥರ ಬೆಂಕಿ ಶಾಖ ಕೊಟ್ಟು ಹದ ಮಾಡೋದಿರ್ಲಿಲ್ಲ, ಗಾಳಿಗೆ ನೇತುಹಾಕ್ತಿದ್ರು. ಮಿಷಿನ್ ಇಲ್ಲ, ಪ್ರತಿ ಗಿಡಕ್ಕೂ ಹತ್ತಾರು ಸಲ ಕೈ ಹಾಕ್ಬೇಕು, ಮೂರ್ನಾಲ್ಕು ವರ್ಷಕ್ಕೆ ಭೂಮಿ ಸತ್ವ ಹೋಗುತ್ತೆ, ಮತ್ತೆ ಹೊಸ ಕಾಡು ಕಡೀಬೇಕು. ಅಂದ್ರೆ ನೆಲಾನೂ ಬೇಕು, ಆಳೂ ಬೇಕು. ಕಂಪನಿ ಇದಕ್ಕೆ ಒಂದು ಐಡಿಯಾ ಮಾಡ್ತು, ಹಡಗಿನ ಚಾರ್ಜ್ ಕೊಟ್ಟು ಒಂದು ತಲೆ ಕರ್ಕೊಂಬಂದ್ರೆ 50 ಎಕರೆ ಫ್ರೀ. ದುಡ್ಡಿದ್ದೋನು ಇಂಗ್ಲೆಂಡಿನ ಬಡ ಹುಡುಗರನ್ನ ನಾಲ್ಕರಿಂದ ಏಳು ವರ್ಷದ ಜೀತಕ್ಕೆ ಕರೆಸ್ದ, ಜೀತದಾಳೂ ಸಿಕ್ಕ ಜಮೀನೂ ಸಿಕ್ತು. 1619ರಲ್ಲಿ ಆಫ್ರಿಕದೋರನ್ನ ಇಳಿಸಿದ ಮೊದಲ ಹಡಗು ಬಂತು, ಶತಮಾನದ ಕೊನೇ ಹೊತ್ತಿಗೆ ಇಂಗ್ಲೆಂಡಿನಿಂದ ಬರೋ ಹುಡುಗರು ಕಮ್ಮಿ ಆದಾಗ ಜೀವಮಾನದ ಗುಲಾಮಗಿರಿಯೇ ಪದ್ಧತಿಯಾಯ್ತು, ಕಾನೂನೂ ಹಂಗೇ ತಿದ್ದಿದ್ರು, 1662ರಲ್ಲೇ ತಾಯಿ ಗುಲಾಮಳಾದ್ರೆ ಹುಟ್ಟೋ ಮಗುನೂ ಗುಲಾಮ ಅಂತ ಬರೆದಾಗಿತ್ತು.

ಇನ್ನು ವರ್ಜೀನಿಯಾದಲ್ಲಿ ಹಳೇ ಸ್ಕೂಲು ಯಾಕೆ ಕಾಣಲ್ಲ ಅನ್ನೋ ಮಾತು. ನದಿಗುಂಟ ಒಬ್ಬೊಬ್ಬನದು ಮೈಲಿಗಟ್ಲೆ ಜಮೀನು, ಹಡಗು ಅವನ ಕಟ್ಟೆಗೇ ಬರುತ್ತೆ, ಪೇಟೆ ಯಾಕೆ ಬೇಕು, ಪೇಟೆ ಇಲ್ದಿದ್ರೆ ಸ್ಕೂಲು ಎಲ್ಲಿ ಕಟ್ತೀರಿ? ಅಲ್ಲಿನ ಗವರ್ನರ್ ಬರ್ಕ್‌ಲಿ 1671ರಲ್ಲಿ, ದೇವ್ರ ದಯ, ನಮ್ಮಲ್ಲಿ ಉಚಿತ ಸ್ಕೂಲೂ ಇಲ್ಲ ಪ್ರಿಂಟಿಂಗೂ ಇಲ್ಲ, ಇನ್ನೂ ನೂರು ವರ್ಷ ಬರದೇ ಇರ್ಲಿ ಅಂತ ಬರ್ದಿದಾನೆ. ಪತ್ರಿಕೆ ನಡೆಸೋ ನನಗೆ ಅದನ್ನ ಓದಿ ಮೈ ಉರೀತು.

ನೀವು ನೋಡಿದ ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್‌ದು ಬೇರೆ ಲೆಕ್ಕ. 1630ರಿಂದ ಹತ್ತು ವರ್ಷದಲ್ಲಿ ನ್ಯೂ ಇಂಗ್ಲೆಂಡಿಗೆ (ಮ್ಯಾಸಚೂಸೆಟ್ಸ್ ಸುತ್ತಿನ ಸೀಮೆ) ಸುಮಾರು 20,000 ಜನ ಬಂದ್ರು, ಬಹಳಷ್ಟು ಹೆಂಡ್ತಿ ಮಕ್ಳು ಸಮೇತ. ಚಳಿ ಜಾಸ್ತಿ, ಆದ್ರೆ ನೀರು ಚೆನ್ನಾಗಿತ್ತು, ವರ್ಜೀನಿಯಾ ಥರ ಜ್ವರದ ಕಾಟ ಇರ್ಲಿಲ್ಲ, ಮಕ್ಳು ಬದುಕಿದ್ರು, ಅಜ್ಜಿ ತಾತನೂ ಬದುಕಿದ್ರು. ಅವರಿಗಿಂತ ಮುಂಚೆ, 1616ರಿಂದ ಮೂರ್ನಾಲ್ಕು ವರ್ಷ, ಯುರೋಪಿನೋರ ಹಡಗಿಂದ ಅಂಟಿದ ಕಾಯಿಲೆ ಕರಾವಳಿಯ ಮೂಲನಿವಾಸಿಗಳ ಊರೂರನ್ನೇ ಖಾಲಿ ಮಾಡಿತ್ತು, ಪ್ಲಿಮತ್ ಊರು ಎದ್ದಿದ್ದೇ ಪಟಕ್ಸೆಟ್ ಅನ್ನೋ ಹಾಳು ಹಳ್ಳಿ ಮೇಲೆ, ಇದನ್ನ ನಿಮ್ಮ ಗೈಡು ಹೇಳಿದ್ನೋ ಇಲ್ವೋ. ಜಮೀನು ಕೊಟ್ಟಿದ್ದು ಒಬ್ಬೊಬ್ಬನಿಗಲ್ಲ, ಊರಿಗೆ. ಊರೋರು ಸಭೆ ಸೇರಿ ಹಂಚ್ಕೊಂಡ್ರು. ಬೈಬಲ್ ತಾವೇ ಓದ್ಬೇಕು ಅನ್ನೋದು ಅವರ ಹಠ, ಅದಕ್ಕೇ 1636ರಲ್ಲಿ ಹಾರ್ವರ್ಡ್, 1647ರಲ್ಲಿ 50 ಮನೆ ಇರೋ ಊರು ಒಬ್ಬ ಮೇಷ್ಟ್ರನ್ನ ಇಟ್ಕೊಳ್ಲೇಬೇಕು ಅಂತ ಕಾನೂನು. ಅಂದ್ರೆ ಇಲ್ಲಿ ನೀವು ಹೇಳೋ ದೇವ್ರ ಭಯ ಕೆಲಸ ಮಾಡಿದೆ, ಇಲ್ಲ ಅನ್ನಲ್ಲ.

ಆದ್ರೆ ಅದೇ ಪ್ಯೂರಿಟನ್ನರು (ಮ್ಯಾಸಚೂಸೆಟ್ಸ್‌ಗೆ ಹೋದ ಈ ಕಟ್ಟಾ ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಇದೇ ಹೆಸರು), ಅದೇ 1630ರ ಸುಮಾರಿಗೆ, ಇನ್ನೊಂದು ಗುಂಪು ಕಟ್ಟಿ ನಿಕರಾಗುವಾ ಕರಾವಳಿ ಆಚೆ ಪ್ರಾವಿಡೆನ್ಸ್ ಅನ್ನೋ ದ್ವೀಪಕ್ಕೆ ಹೋದ್ರು. ಅದೇ ಬೈಬಲ್ಲು, ಅದೇ ಪ್ರಾರ್ಥನೆ. ನೆಲ ಮಾತ್ರ ಬಿಸಿಲಿನ ನೆಲ, ತಂಬಾಕು ಹತ್ತಿ ಬೆಳೆಯೋ ನೆಲ. 1641ರಲ್ಲಿ ಸ್ಪ್ಯಾನಿಷರು ಬಂದು ಆ ದ್ವೀಪ ಕಿತ್ಕೊಂಡಾಗ ಅಲ್ಲಿ ಇಂಗ್ಲಿಷರಿಗಿಂತ ಗುಲಾಮರೇ ಒಂದು ಕೈ ಜಾಸ್ತಿ ಇದ್ರು! ಮೇಷ್ಟ್ರೇ, ಈಗ ಹೇಳಿ, ದೇವ್ರ ಭಯ ಅಲ್ಲಿ ಎಲ್ಲೋಯ್ತು?

ಉಲ್ಟಾ ಉದಾಹರಣೆನೂ ಇದೆ. 1733ರಲ್ಲಿ ಓಗಲ್‌ಥಾರ್ಪ್ ಅನ್ನೋ ಇಂಗ್ಲಿಷ್ ಎಂಪಿ ಜಾರ್ಜಿಯಾ ಶುರು ಮಾಡಿದ್ದು ಬಡವರಿಗೊಂದು ನೆಲೆ ಆಗ್ಲಿ ಅಂತ, 500 ಎಕರೆ ಮೇಲೆ ಜಮೀನು ಇಲ್ಲ ಅಂತ ಸನ್ನದಲ್ಲೇ ಇತ್ತು, ಆಮೇಲೆ ಗುಲಾಮರನ್ನ ಇಟ್ಕೊಳ್ಳೋ ಹಾಗಿಲ್ಲ, ರಮ್ ಕುಡಿಯೋ ಹಾಗಿಲ್ಲ ಅಂತನೂ ರೂಲ್ಸ್ ಬಂತು. ಪಕ್ಕದ ಕೆರೊಲಿನಾದಲ್ಲಿ ಗುಲಾಮರ ದುಡಿಮೇಲಿ ಭತ್ತ ಬೆಳೆದು ಜನ ಸಾಹುಕಾರರಾಗ್ತಿರೋದು ನದಿ ಈಚೆಯಿಂದ್ಲೇ ಕಾಣುತ್ತೆ, ಇವರು ರೇಷ್ಮೆ ಸಾಕಿ ಸೋತ್ರು, ಅರ್ಜಿ ಮೇಲೆ ಅರ್ಜಿ ಹಾಕಿ 1751ರ ಹೊತ್ತಿಗೆ ಗುಲಾಮಗಿರಿ ಮೇಲಿನ ನಿಷೇಧ ತೆಗೆಸಿಕೊಂಡ್ರು.

ಹಂಗಂತ ಬಾಸ್ಟನ್ನೋರಿಗೆ ಕ್ಲೀನ್ ಚಿಟ್ ಕೊಡಕ್ಕಾಗಲ್ಲ. ಯುದ್ಧದಲ್ಲಿ ಹಿಡಿದೋರನ್ನ, ಮಾರಾಟಕ್ಕೆ ಬಂದೋರನ್ನ ಗುಲಾಮರಾಗಿ ಇಟ್ಕೋಬಹುದು ಅಂತ ಮ್ಯಾಸಚೂಸೆಟ್ಸ್ 1641ರಲ್ಲೇ ಬರ್ಕೊಂಡಿತ್ತು. ಅವರ ಕಲ್ಲು ನೆಲದಲ್ಲಿ ರಫ್ತಿಗೆ ಆಗೋ ಬೆಳೆ ಇರ್ಲಿಲ್ಲ, ಇದ್ದಿದ್ದು ಸಮುದ್ರ, ಅದರಲ್ಲಿ ಸಿಗೋ ಕಾಡ್ (cod) ಅನ್ನೋ ಜಾತಿ ಮೀನು. ಉಪ್ಪು ಹಾಕಿ ಒಣಗಿಸಿ, ಒಳ್ಳೇ ಮಾಲು ಸ್ಪೇನ್ ಪೋರ್ಚುಗಲ್‌ಗೆ, ಮುರುಕು ಹಾಳು ಮಾಲು ಬಾರ್ಬಡೋಸ್ ಕಡೆಯ ಸಕ್ಕರೆ ತೋಟದ ಗುಲಾಮರ ಊಟಕ್ಕೆ. ಅಲ್ಲಿಂದ ಕಾಕಂಬಿ ತಂದು ರಮ್ ಇಳಿಸ್ತಿದ್ರು. ನೀವು ಮೆಚ್ಚಿಕೊಂಡ ಆ ಚರ್ಚು ಸ್ಕೂಲಿನ ಊರುಗಳ ಸಂಪತ್ತಲ್ಲಿ ಈ ವ್ಯಾಪಾರದ ಪಾಲೂ ಇತ್ತು.

ಡಚ್ಚರ ಕೈಯಿಂದ 1664ರಲ್ಲಿ ಕಿತ್ಕೊಂಡ ನ್ಯೂಯಾರ್ಕು, ಜರ್ಮನ್ನರು ತುಂಬ್ಕೊಂಡ ಪೆನ್ಸಿಲ್ವೇನಿಯಾ, ಕ್ಯಾಥೊಲಿಕರ ಮೇರಿಲ್ಯಾಂಡು ಇವೆಲ್ಲ ಇಲ್ಲಿ ಹಿಡಿಸಲ್ಲ, ಪುಟ ಮುಗೀತು. "ರಾಜ ಕಟ್ಟಿಸಿದ" ಅನ್ನೋ ಸಾಲಿಗೆ ತಿದ್ದುಪಡಿ ಇದೇ ಸಂಚಿಕೇಲಿ ಹಾಕ್ತಿದೀವಿ. ಇನ್ನೊಂದು, ನಿಮ್ಮ ಪತ್ರದ ಕೊನೇಲಿ ನಿಮ್ಮ ತಂದೆ ಮೊದಲನೇ ಸಲ ಬ್ಯಾರನ್ ಕಟ್ಟಿಸಿದ ವರ್ಷ ಅದರ ಪಕ್ಕದಲ್ಲೇ ರಾತ್ರಿ ಪೂರ್ತಿ ಎದ್ದು ಕೂತಿರ್ತಿದ್ರು ಅಂತ ಎರಡೇ ಸಾಲು ಬರ್ದು ಬಿಟ್ಟಿದೀರಲ್ಲ, ಅದನ್ನ ಪೂರ್ತಿ ಬರ್ದು ಕಳ್ಸಿ. ಮುಂದಿನ ತಿಂಗಳು ಎರಡು ಪುಟ ಇಟ್ಟಿರ್ತೀನಿ.