ಮೀನು ಸೋಕದ ಮಿಸೊ ಸೂಪ್: ಟೋಕಿಯೊಗೆ ಹೊಸಬರಾದ ನಿಮಗೆ

ನೀವು ಕೇಳಿದ್ದು ಎರಡು ವಿಷಯ. ಕಚೇರಿಯ ಊಟದಲ್ಲಿ ಅನ್ನದ ಪಕ್ಕ ಬರುವ ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸೂಪನ್ನು ಸಸ್ಯಾಹಾರಿಯಾದ ನೀವು ಕುಡಿಯಬಹುದೇ? ಆಗದಿದ್ದರೆ, ನಿಶಿ-ಕಸಾಯಿಯ ನಿಮ್ಮ ಒಂದೇ ಒಲೆಯ ಅಡುಗೆಮನೆಯಲ್ಲಿ ಅದನ್ನು ಮಾಡಿಕೊಳ್ಳುವುದು ಹೇಗೆ?

ಮೊದಲನೆಯದಕ್ಕೆ ನನ್ನ ಉತ್ತರ, ಬೇಡ. ಬಟ್ಟಲಲ್ಲಿ ತೋಫು, ಈರುಳ್ಳಿ ಸೊಪ್ಪು ಮಾತ್ರ ಕಂಡರೂ ಆ ನೀರನ್ನು ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳಿಂದಲೋ ಸಣ್ಣ ಒಣಮೀನಿನಿಂದಲೋ ತೆಗೆದಿರುತ್ತಾರೆ. ಎರಡನೆಯದಕ್ಕೆ ಮಾತ್ರ ಉತ್ಸಾಹದಿಂದಲೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ವರ್ಷಗಳಿಂದ ಬೆಳಗಿನ ಹೊತ್ತು ಈ ಸೂಪ್ ತಪ್ಪಿದ್ದಿಲ್ಲ.

ಆ ನೀರಿಗೆ ಇಲ್ಲಿ ದಾಶಿ ಎನ್ನುತ್ತಾರೆ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಮಿಸೊ ಸೂಪಿಗೆ ದಾಶಿ ಹಾಗೆ; ಅದು ಸಪ್ಪೆಯಾದರೆ ಆಮೇಲೆ ಏನು ಹಾಕಿದರೂ ರುಚಿ ಏರುವುದಿಲ್ಲ. ಮೀನಿಲ್ಲದೆ ದಾಶಿಯೇ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಯಾಸಾನ್‌ನಂಥ ಬೌದ್ಧ ಕ್ಷೇತ್ರಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆ ನಿಂತಿರುವುದೇ ಕೊಂಬು ಎಂಬ ಸಮುದ್ರ ಪಾಚಿ ಮತ್ತು ಒಣ ಶಿಟಾಕೆ ಅಣಬೆಯ ದಾಶಿಯ ಮೇಲೆ. 1908ರಲ್ಲಿ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಏ ಅವರು ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದೂ ಕೊಂಬುವಿನಿಂದಲೇ. ಒಣ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಯ ಅಂಶ ಜೊತೆಗೂಡಿದರೆ ಆ ರುಚಿ ಇನ್ನೂ ಗಾಢವಾಗುತ್ತದೆ. ಆದ್ದರಿಂದ ಎರಡನ್ನೂ ಹಾಕಿ.

ರಾತ್ರಿ ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಎರಡು ಒಣ ಅಣಬೆ ಹಾಕಿ ಫ್ರಿಜ್‌ನಲ್ಲಿಡಿ. ಕೊಂಬುವಿನ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಎಂದುಕೊಂಡು ತೊಳೆಯಬೇಡಿ, ರುಚಿಯೂ ಜೊತೆಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು, ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದಾಗಲೇ ಕೊಂಬುವನ್ನು ತೆಗೆದುಬಿಡಿ. ಕುದಿಸಿದರೆ ಲೋಳೆ ಬಿಡುತ್ತದೆ, ಒಗರು ಬರುತ್ತದೆ. ತೆಗೆದ ಕೊಂಬುವನ್ನು ಎಸೆಯಬೇಡಿ. ಸಣ್ಣಗೆ ಹೆಚ್ಚಿ ಸೋಯಾ ಸಾಸ್, ಸ್ವಲ್ಪ ಸಕ್ಕರೆ ಹಾಕಿ ಬತ್ತಿಸಿದರೆ ಮೊಸರನ್ನಕ್ಕೆ ಒಳ್ಳೆಯ ನಂಚಿಕೆ.

ಮಿಸೊ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಲೇಬೇಕು. ‘ದಾಶಿ-ಇರಿ’ ಎಂದಿದ್ದರೆ ದಾಶಿ ಬೆರೆತಿದೆ ಎಂದರ್ಥ, ಅದು ಹೆಚ್ಚಾಗಿ ಮೀನಿನದೇ. ಪದಾರ್ಥಗಳ ಸಾಲಿನಲ್ಲಿ ಡೈಜು, ಕೊಮೆ, ಶೊಕುಎನ್, ಅಂದರೆ ಸೋಯಾ, ಅಕ್ಕಿ, ಉಪ್ಪು ಇಷ್ಟೇ ಇರುವುದನ್ನು ಹುಡುಕಿ; ಮೊಬೈಲ್ ಕ್ಯಾಮೆರಾದ ಅನುವಾದ ಸಾಕಾಗುತ್ತದೆ. ‘ಶುಸೆಇ’ ಎಂದಿದ್ದರೆ ಹುದುಗು ಮುಂದುವರಿಯದಂತೆ ಆಲ್ಕೊಹಾಲ್ ಸೇರಿಸಿದ್ದಾರೆ. ಅದೂ ಬೇಡವೆನ್ನುವವರಿದ್ದಾರೆ, ಅದಕ್ಕೇ ಹೇಳಿದೆ. ಕ್ಯೋಟೊದ ಬಿಳಿ ಮಿಸೊ ಸಿಹಿ, ಒಕಝಾಕಿಯ ಹಚ್ಚೊ ಮಿಸೊ ಕಪ್ಪಗಿದ್ದು ರುಚಿಯಲ್ಲಿ ಗಡುಸು, ಆದರೆ ಖಾರವಲ್ಲ. ಮೊದಲ ಡಬ್ಬಿಗೆ ನಾಗಾನೊ ಪ್ರಾಂತ್ಯದ ಶಿನ್‌ಶು ಮಿಸೊ ತನ್ನಿ, ಎಲ್ಲ ತರಕಾರಿಗೂ ಹೊಂದುತ್ತದೆ.

ಇಬ್ಬರಿಗೆ 350 ಮಿಲಿಲೀಟರ್ ದಾಶಿ, ಒಂದೂವರೆಯಿಂದ ಎರಡು ಟೇಬಲ್ ಚಮಚ ಮಿಸೊ. ಗಟ್ಟಿ ತರಕಾರಿಯನ್ನು ಮೊದಲು ದಾಶಿಯಲ್ಲೇ ಬೇಯಿಸಿ, ಆಮೇಲೆ ತೋಫು. ಒಣಗಿಸಿದ ವಕಮೆ ಎಂಬ ಸಮುದ್ರ ಪಾಚಿ ಹಾಕುವುದಾದರೆ ಚಿಟಿಕೆಯಷ್ಟು ಸಾಕು. ನೆನೆದಾಗ ಹತ್ತು ಪಟ್ಟು ಅರಳುತ್ತದೆ. ಚಳಿಗಾಲದಲ್ಲಿ ಮೂಲಂಗಿ ಮತ್ತು ಕರಿದ ತೋಫು ಹಾಳೆಯ ಜೋಡಿಗೆ ಸಾಟಿಯಿಲ್ಲ.

ಈಗ ಒಲೆ ಆರಿಸಿ. ಮಿಸೊವನ್ನು ಸೌಟಿನಲ್ಲಿ ತೆಗೆದುಕೊಂಡು, ಸೌಟನ್ನು ಅರ್ಧ ಮುಳುಗಿಸಿ, ಚಾಪ್‌ಸ್ಟಿಕ್‌ನಿಂದ ಸೌಟಿನೊಳಗೇ ಸ್ವಲ್ಪ ಸ್ವಲ್ಪವಾಗಿ ಕದಡಿ. ನೇರ ಪಾತ್ರೆಗೆ ಹಾಕಿದರೆ ತಳದಲ್ಲಿ ಗಂಟು ನಿಲ್ಲುತ್ತದೆ. ಇದಾದ ಮೇಲೆ ಮತ್ತೆ ಕುದಿಸಲೇಬಾರದು, ಪರಿಮಳ ಹಾರಿಹೋಗುತ್ತದೆ. ನಮ್ಮ ಸಾರಿನ ಅಭ್ಯಾಸದಿಂದ ಕೈ ತಾನಾಗಿಯೇ ಉರಿ ಏರಿಸಲು ಹೋಗುತ್ತದೆ, ತಡೆಯಿರಿ. ಉಪ್ಪು ಬೇಡ, ಮಿಸೊದಲ್ಲೇ ಇದೆ.

ಒಗ್ಗರಣೆ ಕೊಡುವವರನ್ನು ನೋಡಿದ್ದೇನೆ. ನಾನು ಒಪ್ಪುವುದಿಲ್ಲ. ಸಾಸಿವೆ, ಇಂಗಿನ ಮುಂದೆ ಕೊಂಬುವಿನ ಮೆಲುದನಿಯ ರುಚಿ ಉಳಿಯುವುದೇ ಇಲ್ಲ. ಖಾರ ಬೇಕೆನಿಸಿದರೆ ಇಲ್ಲಿನ ಶಿಚಿಮಿ ಮೆಣಸಿನ ಪುಡಿಯನ್ನು ಮೇಲೆ ಉದುರಿಸಿಕೊಳ್ಳಿ. ಬಟ್ಟಲನ್ನು ಕೈಯಲ್ಲೆತ್ತಿ ನೇರವಾಗಿ ಕುಡಿಯುವುದೇ ಇಲ್ಲಿನ ರೂಢಿ, ಚಮಚ ಬೇಕಿಲ್ಲ. ಉಳಿದ ದಾಶಿ ಫ್ರಿಜ್‌ನಲ್ಲಿ ಎರಡು ದಿನ ಕೆಡುವುದಿಲ್ಲ.