ಕಲಬುರಗಿ ಬಿಸಿಲಿಗೆ ಮೊದಲು ತಂಗಡಿ ಹಾಕ್ರಿ

ಮೇ ತಿಂಗಳಲ್ಲಿ ಗುಲಾಬಿಯೆಲ್ಲ ಸುಟ್ಟುಹೋದವು, ಮರುಭೂಮಿಯ ಕಾಡುಹೂವಿನ ಬೀಜ ಆನ್‌ಲೈನಲ್ಲಿ ತರಿಸಲಾ ಅಂತ ಕೇಳಿದ್ದೀರಿ. ಬೇಡ್ರಿ. ಕಲಬುರಗಿಯದು ಮರುಭೂಮಿಯಂಥ ಬಿಸಿಲು ಖರೆ, ಆದರೆ ಇಲ್ಲಿ ವರ್ಷಕ್ಕೆ 700 ಮಿ.ಮೀ. ದಾಟಿ ಮಳೆಯಾಗುತ್ತದೆ. ಎರೆ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಳಿನಲ್ಲಿ ಬೆಳೆಯುವ ಗಿಡ ಬೇಸಿಗೆ ದಾಟಿದರೂ ಮಳೆಗಾಲ ದಾಟುವುದು ಕಷ್ಟ.

ನಾನು ಮೊದಲ ವರ್ಷ ಹೊಲದ ಬದುವಿನಿಂದ ವಿಷ್ಣುಕ್ರಾಂತಿ ತಂದು, ಎರೆ ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ ನೆಟ್ಟಿದ್ದೆ. ಶ್ರಾವಣದ ಜಿಟಿಜಿಟಿ ಮಳೆಗೆ ಬುಡವೇ ಕೊಳೆಯಿತು. ಮರುವರ್ಷ ಕಾಂಪೌಂಡಿನ ಪಕ್ಕ ಒಂದಡಿ ಎತ್ತರದ ಮಡಿ ಮಾಡಿದೆ. ತಳಕ್ಕೆ ಶಹಾಬಾದ್ ಕಲ್ಲಿನ ಚೂರು, ಅದರ ಮೇಲೆ ಎರಡು ಪಾಲು ಗರಸು, ಒಂದು ಪಾಲು ಎರೆ. ಗೊಬ್ಬರ ಹಾಕಲೇ ಇಲ್ಲ. ಈಗ ಅದೇ ವಿಷ್ಣುಕ್ರಾಂತಿ ನೆಲಕ್ಕಂಟಿ ಹರಡಿದೆ, ಬೆಳಿಗ್ಗೆ ಎದ್ದು ನೋಡಿದರೆ ಅಂಗಿ ಗುಂಡಿಯಷ್ಟು ಸಣ್ಣ ನೀಲಿ ಹೂಗಳು.

ಆದರೂ ನೀವು ಶುರುಮಾಡಬೇಕಾದ್ದು ತಂಗಡಿಯಿಂದ. ಹಳದಿ ಹೂ ಬಿಡುವ ಪೊದೆ ಗಿಡ, ಆವರಿಕೆ ಅಂತಲೂ ಅನ್ನುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಅದು ರಾಜ್ಯದ ಹೂವು, ಬತುಕಮ್ಮ ಹಬ್ಬದಲ್ಲಿ ಅದನ್ನು ಪೇರಿಸಿ ಪೂಜೆ ಮಾಡುತ್ತಾರೆ. ನಮ್ಮಲ್ಲಿ ಪ್ಲಾಟ್ ಸ್ವಚ್ಛ ಮಾಡುವಾಗ ಜೆಸಿಬಿ ಮೊದಲು ಕಿತ್ತೆಸೆಯುವುದು ಇದನ್ನೇ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಬೀಜ ಬಿಡಿಸಿ. ಸಿಪ್ಪೆ ಬಹಳ ಗಟ್ಟಿ, ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮೊಳೆಯುವುದಿಲ್ಲ. ಮರಳು ಕಾಗದದ ಮೇಲೆ ಹೊಳಪು ಹೋಗುವತನಕ ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಸಿ. ಮಿರುಗದ (ಮೃಗಶಿರ) ಮಳೆ ಬೀಳುತ್ತಲೇ ಗಿಡ ಎಲ್ಲಿ ನಿಲ್ಲಬೇಕೋ ಅಲ್ಲೇ ಊರಿ. ತಾಯಿಬೇರು ಆಳಕ್ಕೆ ಇಳಿಯುವ ಗಿಡ, ಆಮೇಲೆ ಕಿತ್ತು ನೆಟ್ಟರೆ ಸಿಟ್ಟಾಗುತ್ತದೆ. ಮೊದಲ ವರ್ಷ ಮಳೆ ಕೈಕೊಟ್ಟಾಗ ವಾರಕ್ಕೆರಡು ಸಲ ನೀರು ಕೊಡಿ, ಮುಂದೆ ಬೇಕಾಗುವುದಿಲ್ಲ. ಎಲೆ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ, ಅವು ತಿಳಿಹಳದಿ ಚಿಟ್ಟೆಯ ಮರಿಗಳು.

ಗೌರಿ ಹೂವಿನ (ಅಗ್ನಿಶಿಖೆ) ಬಳ್ಳಿಯೂ ಇಲ್ಲಿ ಚೆಂದ ಬರುತ್ತದೆ. ಆದರೆ ಗಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಆಸೆ ಬಿಡಿ.

ಇನ್ನು ಮಡಿಯಲ್ಲಿ ಕಾಂಗ್ರೆಸ್ ಕಸ ಬಂದೇ ಬರುತ್ತದೆ. ಹೂ ಬಿಡುವ ಮುಂಚೆ, ಕೈಗೆ ಚೀಲ ಹಾಕಿಕೊಂಡು ಬೇರುಸಹಿತ ಕೀಳಿ.