ಬದುಕೇ ದುಃಖ ಎಂದ ಶೋಪೆನ್‌ಹಾವರ್‌ನನ್ನು ಇವತ್ತಿಗೂ ಯಾಕೆ ಓದುತ್ತಾರೆ?

ಅವನಿಗಿಂತ ಮೊದಲಿನ ಯುರೋಪಿನ ಬಹುಪಾಲು ತತ್ವಜ್ಞಾನಿಗಳು ಮನುಷ್ಯನನ್ನು ನಡೆಸುವುದು ಬುದ್ಧಿ ಎಂದು ನಂಬಿದ್ದರು. ಜರ್ಮನ್ ತತ್ವಜ್ಞಾನಿ ಆರ್ಥರ್ ಶೋಪೆನ್‌ಹಾವರ್ (1788–1860) ಅದನ್ನು ತಲೆಕೆಳಗು ಮಾಡಿದ. ನಮ್ಮೊಳಗೆ ಗೊತ್ತುಗುರಿಯಿಲ್ಲದ ಕುರುಡು ತುಡಿತವೊಂದಿದೆ. ಅವನು ಅದನ್ನು ‘ಇಚ್ಛೆ’ ಎಂದು ಕರೆದ. ಬುದ್ಧಿ ಅದರ ಕೂಲಿಯಾಳು. ಬಯಸಿದ್ದು ಸಿಗದಿದ್ದರೆ ನೋವು, ಸಿಕ್ಕರೆ ಬೇಸರ, ಮತ್ತೆ ಹೊಸ ಬಯಕೆ. ಈ ಸುತ್ತಿನಿಂದ ಸ್ವಲ್ಪ ಹೊತ್ತು ಬಿಡುವು ಕೊಡುವುದು ಕಲೆ, ಅದರಲ್ಲೂ ಸಂಗೀತ. ಪೂರ್ತಿ ಬಿಡುಗಡೆ ಬೇಕಾದರೆ ಬಯಕೆಯನ್ನೇ ಬಿಡಬೇಕು.

ಎಲ್ಲೋ ಕೇಳಿದ ಹಾಗಿದೆ ಅಲ್ಲವೆ? ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಪರ್ಶಿಯನ್‌ಗೆ ತರಿಸಿದ ಉಪನಿಷತ್ತುಗಳು ಅಲ್ಲಿಂದ ಲ್ಯಾಟಿನ್‌ಗೆ ಹೋಗಿ 1801–02ರಲ್ಲಿ ಅಚ್ಚಾದವು. ಆ ಪುಸ್ತಕವೇ ತನ್ನ ಬಾಳಿನ ಸಮಾಧಾನ ಎನ್ನುತ್ತಿದ್ದ ಶೋಪೆನ್‌ಹಾವರ್. ಸಾಕಿದ ನಾಯಿಗೂ ‘ಆತ್ಮ’ ಅಂತ ಹೆಸರು! ಆದರೆ ಉಪನಿಷತ್ತಿನ ಆನಂದದ ಮಾತು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ ಅಂತ ನನ್ನ ಅನಿಸಿಕೆ.

1818ರ ಕೊನೆಗೆ ಹೊರಬಂದ ಅವನ ಮುಖ್ಯ ಗ್ರಂಥವನ್ನು ದಶಕಗಳ ಕಾಲ ಹೆಚ್ಚುಕಡಿಮೆ ಯಾರೂ ಮೂಸಿ ನೋಡಲಿಲ್ಲ. ಹೆಸರು ತಂದದ್ದು 1851ರ ಪ್ರಬಂಧಗಳು. ಜರ್ಮನ್ ಸಂಗೀತಗಾರ ವಾಗ್ನರ್ ಆ ಮುಖ್ಯ ಗ್ರಂಥವನ್ನು 1854ರಲ್ಲಿ ಓದಿದ. ಅವನ ‘ಟ್ರಿಸ್ಟಾನ್’ ಒಪೆರಾದಲ್ಲಿ (ಸಂಗೀತ ನಾಟಕದಲ್ಲಿ) ಅದರ ಗುರುತು ಕಾಣುತ್ತದೆ. ತತ್ವಜ್ಞಾನಿ ನೀಚೆಗೆ 1865ರಲ್ಲಿ ಲೈಪ್ಜಿಗ್‌ನ ಹಳೆ ಪುಸ್ತಕದಂಗಡಿಯಲ್ಲಿ ಆ ಗ್ರಂಥ ಸಿಕ್ಕಿತು. ಮೊದಲು ಗುರುವೆಂದು ಒಪ್ಪಿದವನು ಆಮೇಲೆ ಜಗಳಕ್ಕೇ ನಿಂತ. ಟಾಲ್‌ಸ್ಟಾಯ್ 1869ರಲ್ಲಿ ಮಾರುಹೋದ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಆಳವಾದ ಗುರುತು ಮನೋವಿಜ್ಞಾನದ ಮೇಲಿನದು. ಸುಪ್ತಮನಸ್ಸಿನ ಬಗೆಗಿನ ತನ್ನ ವಿಚಾರಕ್ಕೆ ಶೋಪೆನ್‌ಹಾವರ್ ಪೂರ್ವಸೂರಿ ಎಂದು 1917ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನೇ ಬರೆದ.